ಬಿಳಿ ನಾಯಿಯ ಬಟ್ಟೆ

ಮೊಮ್ಮಗಳು ಚಿತ್ರ ಬಿಡಿಸಿ ಕಳಿಸಿದ ನಾಯಿಗಳಲ್ಲಿ ಒಂದಕ್ಕೆ ಐದು ಕಾಲು. ಐದನೆಯದು ಬಾಲ ಎಂದು ಅವಳ ವಾದ. ಹಾಗಾದರೆ ಹಿಂದೆ ಇರುವುದು ಎಂತ ಎಂದು ಕೇಳಿದರೆ ಅದೂ ಬಾಲವೇ. ತುಂಬ ಖುಷಿಯಾದಾಗ ಅಲ್ಲಾಡಿಸಲು ಒಂದು ಬಾಲ ಸಾಲುವುದಿಲ್ಲವಂತೆ. ಇನ್ನೊಂದು ನಾಯಿ ಕೊಡೆ ಹಿಡಿದಿತ್ತು. ಮತ್ತೊಂದು ಬಸ್ಸಿನ ಕಿಟಕಿಯಿಂದ ನಾಲಗೆ ಚಾಚಿತ್ತು. ಇವನ್ನೆಲ್ಲ ಬಟ್ಟೆಯಲ್ಲಿ ಕತ್ತರಿಸಿ ಹೊದಿಕೆಯ ಮೇಲೆ ಕೂರಿಸುತ್ತೇನೆಂದು ಫೋನಿನಲ್ಲಿ ಮಾತು ಕೊಟ್ಟವಳು ನಾನೇ.

ಕೊಡದೆ ಉಪಾಯವಿರಲಿಲ್ಲ. ಮಗಳು, ಅಳಿಯ ಕಡಬದ ಮನೆ ಬಿಟ್ಟು ಸುಳ್ಯದಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ನಾಯಿ ತರಬಾರದೆಂದು ಮನೆಯ ಯಜಮಾನರು ಮೊದಲೇ ಹೇಳಿದ್ದರಿಂದ ಮಗುವಿನ ಬಿಳಿ ನಾಯಿಯನ್ನು ಕಡಬದಲ್ಲೇ ಯಾರಿಗೋ ಕೊಟ್ಟು ಬಂದರು. ಮಗು ಅತ್ತು ಅತ್ತು ಜ್ವರ ಬರಿಸಿಕೊಂಡಿತು. ಹಳೆ ಬಟ್ಟೆಗಳನ್ನು ಪದರ ಪದರವಾಗಿ ಇಟ್ಟು ಹೊಲಿಯುವ ಹೊದಿಕೆ, ಘಟ್ಟದ ಮೇಲಿನವರು ಕೌದಿ ಎನ್ನುತ್ತಾರಲ್ಲ, ಅದು ನನಗೆ ಚೆನ್ನಾಗಿ ಬರುತ್ತದೆ. ನಾಯಿಯ ಬದಲಿಗೆ ನಾಯಿಗಳ ಕೌದಿ ಎಂದುಕೊಂಡೆ.

ನನ್ನ ಹೊಲಿಗೆಗೆ ಬಟ್ಟೆ ಹೆಚ್ಚಾಗಿ ಬರುವುದು ನೆರೆಮನೆಯಿಂದ. ಕುಂಬ್ರದಲ್ಲಿ ನಮ್ಮಿಬ್ಬರ ಮನೆಯ ನಡುವೆ ಒಂದು ಗಿಡ್ಡ ಗೋಡೆ ಮಾತ್ರ. ಆಚೆಯವಳು ಬ್ಯಾರಿ ಹೆಂಗಸು, ಪ್ರಾಯದಲ್ಲಿ ನನಗಿಂತ ಚಿಕ್ಕವಳು, ಗಂಡ ಗಲ್ಫಿನಲ್ಲಿ. ಹಳೆ ಬಟ್ಟೆಯನ್ನು ಒಗೆದು, ಇಸ್ತ್ರಿ ಹಾಕಿ, ಗೋಡೆಯ ಮೇಲಿಂದ ಗಂಟು ದಾಟಿಸುತ್ತಾಳೆ. ಬಿಸಾಡುವ ಬಟ್ಟೆಗೆ ಇಸ್ತ್ರಿ ಹಾಕುವವರನ್ನು ನಾನು ಬೇರೆ ಕಂಡಿಲ್ಲ.

ಆ ಸಲದ ಗಂಟಿನಲ್ಲಿ ಒಂದು ಬಿಳಿ ಬಟ್ಟೆ ಇತ್ತು. ಹಳೆಯದಾಗಿ, ಒಗೆದೊಗೆದು ಬೆಣ್ಣೆಯಷ್ಟು ಮೆತ್ತಗಾಗಿತ್ತು.

"ಇದು ನಮ್ಮ ಉಮ್ಮಂದು ಅಕ್ಕ. ನಮಾಜಿಗೆ ಹಾಕ್ತಿದ್ದದ್ದು" ಎಂದಳು. ಅವಳ ತಾಯಿ ತೀರಿಕೊಂಡು ಆಗ ವರ್ಷ ತುಂಬಿರಲಿಲ್ಲ. "ಒಂದು ಬದಿ ಹರಿದಿದೆ. ಇಟ್ಟುಕೊಂಡು ಎಂತ ಮಾಡುದು? ಮಗುವಿನ ಹೊದಿಕೆಗೆ ಆದ್ರೆ ಉಮ್ಮನಿಗೂ ಖುಷಿ."

ಕೇಳಿಸಿಕೊಂಡೆ. ಸೂಜಿಗೆ ನೂಲು ಪೋಣಿಸುತ್ತಿದ್ದೆ, ಸರಿಯಾಗಿ ಕೇಳಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಗುವಿನ ಹೊದಿಕೆ ಎಂದು ಅವಳಿಗೆ ಗೊತ್ತಿತ್ತು. ನಾಯಿಗಳ ವಿಷಯ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ.

ಉಟ್ಟ ಬಟ್ಟೆಗೆ ದಾರಿಯ ನಾಯಿ ಒದ್ದೆ ಮೂಗು ತಾಗಿಸಿದರೆ ಅದರಲ್ಲಿ ಅವಳು ನಮಾಜಿಗೆ ನಿಲ್ಲುವುದಿಲ್ಲ. ಅಷ್ಟು ವರ್ಷದ ನೆರೆಕರೆಯಲ್ಲಿ ಇದು ನನಗೆ ತಿಳಿಯದ ಸಂಗತಿಯಲ್ಲ. ಆದರೂ ಬೇರೆ ನಾಯಿಗಳೆಲ್ಲ ಮುಗಿದು, ನಡುವೆ ಮಗುವಿನ ಬಿಳಿ ನಾಯಿಯ ಜಾಗ ಖಾಲಿ ಉಳಿದಾಗ ನನ್ನ ಕೈ ಆ ಬಟ್ಟೆಗೇ ಹೋಯಿತು. ಅಷ್ಟು ಒಳ್ಳೆಯ ಬಿಳಿ ನನ್ನ ಹತ್ತಿರ ಬೇರೆ ಇರಲಿಲ್ಲ. ಕತ್ತರಿ ಇಡುವ ಮೊದಲು ಒಂದು ಗಳಿಗೆ ತಡೆದೆ. ಬಟ್ಟೆಯ ನಾಯಿಗೆ ಎಂತ ಮೈಲಿಗೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಕತ್ತರಿಸಿದೆ. ಕೆಲಸದ ಹುಚ್ಚು ಹಿಡಿದರೆ ನಾನು ಹೀಗೆಯೇ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ನಾಯಿ ಮಾತ್ರ ಬೊಗಳುವುದೊಂದು ಬಾಕಿ, ಹಾಗೆ ಬಂತು.

ಅಲ್ಲಿಂದ ಶುರುವಾಯಿತು ನನ್ನ ಕಳ್ಳಾಟ. ಅವಳು ಗೋಡೆಯ ಹತ್ತಿರ ಬಂದರೆ ಹೊಲಿಗೆಯನ್ನು ಮಗುಚಿ ಇಡುತ್ತಿದ್ದೆ. "ಎಷ್ಟಾಯ್ತು ಅಕ್ಕ?" ಎಂದು ಅವಳು ಸುಮ್ಮನೆ ಕೇಳಿದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಬೆವರುತ್ತಿದ್ದೆ. ಹೊಲಿದು ಮುಗಿಸಿ ಒಗೆದ ಮೇಲೆ ಅಂಗಳದ ಹಗ್ಗ ಬಿಟ್ಟು, ಹಿತ್ತಿಲ ಹಗ್ಗದಲ್ಲಿ ಒಣಹಾಕಿ, ಮಗುವಿಗೆ ಒಂದು ಲಂಗ ತರಲೆಂದು ಪುತ್ತೂರಿನ ಬಸ್ಸು ಹತ್ತಿದೆ.

ಮಧ್ಯಾಹ್ನ ಮೋಡ ಕಟ್ಟಿ ಹನಿ ಹಾಕಿತು. ಮಳೆ ಬಂದಾಗ ಮನೆಯಲ್ಲಿ ಇದ್ದವಳು ಇಲ್ಲದವಳ ಬಟ್ಟೆಯನ್ನೂ ತೆಗೆದಿಡುವುದು ನಮ್ಮಿಬ್ಬರ ರೂಢಿ. ಹಿತ್ತಿಲಿನದು ಅವಳಿಗೆ ಕಾಣದು ಎಂದುಕೊಂಡವಳು ಪೆದ್ದಿ. ನಮ್ಮ ಹಿತ್ತಿಲಿನಲ್ಲೂ ಹಗ್ಗ ಉಂಟೆಂದು ಅವಳಿಗೆ ಗೊತ್ತಿಲ್ಲವೇ? ಮರಳಿ ಬಂದಾಗ ಕೌದಿ ಜಗಲಿಯ ಕುರ್ಚಿಯ ಮೇಲೆ ಅಂಚಿಗೆ ಅಂಚು ಕೂಡಿಸಿ ಮಡಚಿ ಕೂತಿತ್ತು. ಲಂಗದ ಚೀಲವನ್ನು ಅಲ್ಲೇ ಇಟ್ಟು, ಚಪ್ಪಲಿಯನ್ನೂ ಕಳಚದೆ ಆಚೆ ಮನೆಗೆ ಹೋದೆ.

ಅವಳು ಅಕ್ಕಿರೊಟ್ಟಿ ಬೇಯಿಸುತ್ತಿದ್ದಳು. ತಿರುಗಿ ನೋಡಲಿಲ್ಲ.

"ನಡುವಿನ ಬಿಳಿ ನಾಯಿ ಉಮ್ಮನ ಬಟ್ಟೆಯದ್ದಲ್ವಾ?"

"ಹೌದು ಮಾರಾಯ್ತಿ."

"ಒಂದು ಮಾತು ಹೇಳ್ಬಹುದಿತ್ತು ಅಕ್ಕ."

"ಹೇಳಿದ್ರೆ ನೀನು ಬೇಡ ಅಂತಿದ್ದೆ." ಬಾಯಿ ತಪ್ಪಿ ಬಂದದ್ದು, ಆದರೆ ಅದೇ ನಿಜ.

ರೊಟ್ಟಿಯನ್ನು ಮಗುಚಿ ಹಾಕಿದಳು. "ಹೌದು, ಬೇಡ ಅಂತಿದ್ದೆ. ಬೇರೆ ಬಿಳಿ ಬಟ್ಟೆ ಕೊಡ್ತಿದ್ದೆ."

ಬೈದಿದ್ದರೆ ತಿರುಗಿ ಒಂದು ಮಾತಾದರೂ ಆಡುತ್ತಿದ್ದೆ. ನನ್ನ ಬಾಯಿ ಸಣ್ಣದೇನಲ್ಲ. ಅವಳು ಒಲೆ ಆರಿಸಿ, ಒಳಗೆ ಹೋಗಿ, ಹೊಸ ಬಿಳಿ ತಲೆದಿಂಬಿನ ಚೀಲ ತಂದು ಕೈಗಿಟ್ಟಳು. "ಉಮ್ಮಂದು ವಾಪಸ್ ಕೊಡಿ. ಚೂರಾದ್ರೂ ಅಡ್ಡಿಲ್ಲ."

ಅಂದೇ ಕೂತು ಬಿಳಿ ನಾಯಿಯ ಹೊಲಿಗೆ ಬಿಚ್ಚಿದೆ. ಹೊಲಿಯುವಾಗ ಇಲ್ಲದ ದುಃಖ ಬಿಚ್ಚುವಾಗ ಬಂತು. ಕಿವಿ, ಬಾಲಗಳ ಆಕಾರದಲ್ಲೇ ಉಳಿದ ಆ ಬಟ್ಟೆಯ ಸುತ್ತ ಸೂಜಿಯ ತೂತುಗಳು ಸಾಲಾಗಿ ಕಾಣುತ್ತಿದ್ದವು. ಒಗೆದು, ಇಸ್ತ್ರಿ ಹಾಕಿ, ಉಳಿದ ಬಟ್ಟೆಯ ಜೊತೆ ಕೊಟ್ಟೆ. ಅವಳು ಆ ತೂತುಗಳ ಮೇಲೆ ಬೆರಳಾಡಿಸಿ, "ಆಯ್ತು ಅಕ್ಕ" ಎಂದಳು. ತಲೆದಿಂಬಿನ ಚೀಲದಲ್ಲಿ ಬೇರೆ ನಾಯಿ ಮಾಡಿ ಸುಳ್ಯಕ್ಕೆ ಕೊಂಡುಹೋದೆ. ಮಗು ಅದರ ಮೂಗಿಗೆ ಮುತ್ತು ಕೊಟ್ಟಿತು. ನನಗೆ ಮಾತ್ರ ಆ ನಾಯಿಯ ಮುಖ ನೋಡಲಾಗಲಿಲ್ಲ.

ಮಾತು ಬಿಟ್ಟಿಲ್ಲ ನಾವು. ಅವಳು ರೊಟ್ಟಿ ಕೊಡುತ್ತಾಳೆ, ನಾನು ಬಸಳೆ ಕೊಡುತ್ತೇನೆ. ಮೊನ್ನೆ ಬಟ್ಟೆಯ ಗಂಟೂ ಬಂತು. ಗೋಡೆಯ ಮೇಲಿಟ್ಟು, ಕೈ ಬಿಡುವ ಮೊದಲು ಕೇಳಿದಳು: "ಇದರಲ್ಲಿ ಎಂತ ಮಾಡ್ತೀರಿ ಅಕ್ಕ?" ಇಷ್ಟು ವರ್ಷದಲ್ಲಿ ಒಮ್ಮೆಯೂ ಹಾಗೆ ಕೇಳಿದವಳಲ್ಲ.

ತರಕಾರಿಯ ಚೀಲ ಎಂದೆ. ನಿಜವನ್ನೇ ಹೇಳಿದ್ದರೂ ನನ್ನ ಸ್ವರ ನನಗೇ ಸುಳ್ಳು ಹೇಳಿದ ಹಾಗೆ ಕೇಳಿಸಿತು. ಚೀಲ ಹೊಲಿದಾದ ಮೇಲೆ, ಅವಳು ಕರೆಯದಿದ್ದರೂ, ತೋರಿಸಲು ಕೊಂಡುಹೋದೆ. "ಲಾಯಿಕ್ ಉಂಟು" ಎಂದಳು. ಹಾಗೆ ಹೇಳುವ ಮೊದಲು ಚೀಲದ ಒಳಮೈಯನ್ನು ಹೊರಗೆ ಮಗುಚಿ, ಒಂದೊಂದೇ ತುಂಡನ್ನು ನೋಡಿದಳು.