ಎರಡನೇ ಫೋಟೋದಲ್ಲಿ ದೊಡ್ಡಪ್ಪ

ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಆತ್ಮ ಇಂಥದ್ದನ್ನೆಲ್ಲ ನಾನು ನಂಬುತ್ತಿರಲಿಲ್ಲ. ಯಾರಾದರೂ ಆ ಥರದ ಕತೆ ಶುರು ಮಾಡಿದರೆ ಎದ್ದು ಟೀ ಕುಡಿಯಲು ಹೋಗುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ಎದ್ದು ಹೋದರೂ ನನಗೆ ಬೇಜಾರಿಲ್ಲ. ಬಣ್ಣ ಹಚ್ಚಿ ಹೇಳಲು ನನಗೆ ಬರುವುದಿಲ್ಲ. ಆಗಿದ್ದನ್ನು ಆಗಿದ್ದ ಹಾಗೆ ಬರೆಯುತ್ತೇನೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿತ್ತು. ನಾನು ದೊಡ್ಡಪ್ಪನ ತೆಂಗಿನಕಾಯಿ ಮಂಡಿಯಲ್ಲಿ ಲಗೇಜ್ ಆಟೋ ಓಡಿಸುತ್ತಿದ್ದೆ. ಸರಸ್ವತಿಪುರಂನ ಹೋಟೆಲುಗಳಿಗೆ, ಯಾದವಗಿರಿಯಲ್ಲಿ ಯಾರ ಮನೆಯಲ್ಲಾದರೂ ಮದುವೆ ಮುಂಜಿ ಇದ್ದರೆ ಅಲ್ಲಿಗೆ ಕಾಯಿ ಹಾಕಿ ಬರುವುದು ನನ್ನ ಕೆಲಸ. ದೊಡ್ಡಪ್ಪ ಅಂದರೆ ನಮ್ಮ ಅಪ್ಪನ ಅಣ್ಣ. ಅವರಿಗೂ ದೊಡ್ಡಮ್ಮನಿಗೂ ಮಕ್ಕಳಿರಲಿಲ್ಲ. ಎಲ್ಲರೂ ಒಂದೇ ಮನೆಯಲ್ಲಿದ್ದೆವು. ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟಾಗ ಅಪ್ಪ ಬೆಲ್ಟ್ ತೆಗೆದಿದ್ದರು. ದೊಡ್ಡಪ್ಪ ಅಡ್ಡ ನಿಂತು ನನ್ನನ್ನು ಮಂಡಿಗೆ ಕರೆದುಕೊಂಡು ಹೋದರು. ಅಷ್ಟು ಹೇಳಿದರೆ ಸಾಕು, ಅವರು ನನಗೆ ಯಾರು ಅಂತ ಗೊತ್ತಾಗುತ್ತದೆ.

ಆಗ ನನ್ನ ಹತ್ತಿರ ಒಂದು ಡಿಜಿಟಲ್ ಕ್ಯಾಮೆರಾ ಇತ್ತು. ಟೂರಿಸ್ಟ್ ಟ್ಯಾಕ್ಸಿ ಓಡಿಸುತ್ತಿದ್ದ ನನ್ನ ಗೆಳೆಯನಿಗೆ ಯಾರೋ ಫಾರಿನ್ನವರು ಕೊಟ್ಟು ಹೋಗಿದ್ದರು. ಅವನಿಗೆ ಅದು ಬೇಡವಾಗಿ ನಾನು ತೆಗೆದುಕೊಂಡೆ. ನಮ್ಮ ಬೀದಿಯಲ್ಲಿ ಆ ಥರದ್ದು ಅದೊಂದೇ. ಸೋಪಿನ ಡಬ್ಬಿಯಷ್ಟು ದಪ್ಪ. ಹಿಂದೆ ದೊಡ್ಡ ಸ್ಟ್ಯಾಂಪಿನಷ್ಟು ಸ್ಕ್ರೀನು. ನಾಲ್ಕು ಪೆನ್ಸಿಲ್ ಸೆಲ್ ಹಾಕಬೇಕು. ಹತ್ತು ಹದಿನೈದು ಫೋಟೋ ತೆಗೆಯುವಷ್ಟರಲ್ಲಿ ಸೆಲ್ ಸತ್ತುಹೋಗುತ್ತಿತ್ತು. ಬಟನ್ ಒತ್ತಿದ ಮೇಲೆ ಅದು ಸ್ವಲ್ಪ ಹೊತ್ತು ಯೋಚನೆ ಮಾಡಿ ಆಮೇಲೆ ಫೋಟೋ ತೆಗೆಯುತ್ತಿತ್ತು, ಅಷ್ಟರಲ್ಲಿ ನಿಂತವರು ಅಲ್ಲಾಡಿರುತ್ತಿದ್ದರು. ಆದರೂ ತೆಗೆದ ತಕ್ಷಣ ಎಲ್ಲರೂ ನನ್ನ ಮೇಲೆ ಬೀಳುತ್ತಿದ್ದರು, ನಾನು ಹೆಂಗೆ ಬಂದಿದ್ದೀನಿ ತೋರಿಸು ಅಂತ.

ಒಬ್ಬರು ಮಾತ್ರ ಬರುತ್ತಿರಲಿಲ್ಲ. ದೊಡ್ಡಪ್ಪ.

"ರೀಲೇ ಇಲ್ದೆ ಅದೆಂಗ್ಲಾ ಫೋಟೋ ಬತ್ತದೆ? ಹಾಲಿಲ್ದೆ ಮೊಸರು ಹೆಪ್ಪಾಕ್ದಂಗೆ" ಅನ್ನುತ್ತಿದ್ದರು. ನಾನು ಕ್ಯಾಮೆರಾ ಎತ್ತಿದರೆ ಟವೆಲಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರು. ಮದುವೆಯಲ್ಲಿ ತೆಗೆದ ಒಂದು ಫೋಟೋ ಬಿಟ್ಟರೆ ಅವರ ಫೋಟೋನೇ ಇರಲಿಲ್ಲ. ಅದರಲ್ಲೂ ಬಾಸಿಂಗ ಕಟ್ಟಿ ಅರ್ಧ ಮುಖ ಮರೆಯಾಗಿತ್ತು.

ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ ಎದೆ ಹಿಡಿದುಕೊಂಡರು. ನಾನೇ ಲಗೇಜ್ ಆಟೋದಲ್ಲಿ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆ. ಡಾಕ್ಟರು ನೋಡಿದರು, ಎದೆಗೆ ವೈರು ಹಚ್ಚಿ ನೋಡಿದರು, ಬರುವ ಮೊದಲೇ ಜೀವ ಹೋಗಿದೆ ಅಂದರು. ಡಾಕ್ಟರು ಸರಿಯಾಗಿಯೇ ನೋಡಿದರು. ಅದರಲ್ಲಿ ನನಗೆ ಅನುಮಾನ ಇಲ್ಲ. ಇರಲಿಲ್ಲ.

ನಮ್ಮಲ್ಲಿ ಹೆಣವನ್ನು ಮಲಗಿಸಿ ಒಯ್ಯುವುದಿಲ್ಲ. ಸ್ನಾನ ಮಾಡಿಸಿ, ಬಟ್ಟೆ ಹಾಕಿ, ಹಣೆಗೂ ಮೈಗೂ ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗ ಇಟ್ಟು ಕೂರಿಸುತ್ತಾರೆ. ತಲೆ ಬಾಗದ ಹಾಗೆ ಹಿಂದಿನಿಂದ ಬಟ್ಟೆ ಕಟ್ಟಿರುತ್ತಾರೆ. ಆಮೇಲೆ ಮನೆಯವರು ಅಕ್ಕಪಕ್ಕ ಕೂತು, ಹಿಂದೆ ನಿಂತು, ಒಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಬೇರೆಯವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮಗೆ ಅದೇ ಕೊನೆಯ ಫೋಟೋ. ಅದನ್ನೇ ಕಟ್ಟು ಹಾಕಿಸಿ ಗೋಡೆಗೆ ಹಾಕುತ್ತೇವೆ.

ಅವತ್ತು ಮದುವೆ ಮುಹೂರ್ತಗಳ ದಿನ. ಸುತ್ತಮುತ್ತಲ ಸ್ಟುಡಿಯೋದವರೆಲ್ಲ ಛತ್ರಗಳಲ್ಲಿದ್ದರು. ಯಾರೂ ಸಿಗಲಿಲ್ಲ. ಸಂಜೆಯೊಳಗೆ ಮಣ್ಣು ಮಾಡಬೇಕು. ದೊಡ್ಡಮ್ಮನ ತಮ್ಮ ನಂಜಪ್ಪ ಮಾವ ನನ್ನ ಕಡೆ ತಿರುಗಿ, "ನಿಂದೈತಲ್ಲ ಆ ಡಬ್ಬಿ, ತತ್ತಾ" ಅಂದರು.

ನಡುಮನೆಯಲ್ಲಿ ದೊಡ್ಡಪ್ಪನನ್ನು ಕೂರಿಸಿದ್ದರು. ಬಲಗಡೆ ದೊಡ್ಡಮ್ಮ. ಎಡಗಡೆ ಅಪ್ಪ. ಹಿಂದೆ ನಂಜಪ್ಪ ಮಾವ, ಉಳಿದವರು. ಮೂರು ಫೋಟೋ ತೆಗೆದೆ. ಜೀವ ಇದ್ದಾಗ ಒಂದು ದಿನವೂ ಮುಖ ಕೊಡದವರು ಈಗ ಅಲ್ಲಾಡದೆ ಕೂತಿದ್ದರು.

ಮುಗಿದ ತಕ್ಷಣ ಮಾವ ಪಕ್ಕಕ್ಕೆ ಬಂದರು. "ಒಸಿ ನೋಡ್ಲಾ, ಎರಡನೇದ್ರಲ್ಲಿ ನಾನು ಕಣ್ ಮುಚ್ಕೊಂಬುಟ್ಟೆ ಅಂತ ಕಾಣ್ತದೆ."

ಹೆಣದ ಮುಂದೆ ಕೇಳುವ ಮಾತಾ ಅದು? ಆದರೆ ಜನ ಹಾಗೇ. ನಾನು ಎರಡನೇ ಫೋಟೋ ತಂದು ನೋಡಿದೆ. ಮಾವನ ಕಣ್ಣು ಮುಚ್ಚಿತ್ತು. ದೊಡ್ಡಪ್ಪನ ಕಣ್ಣು ತೆರೆದಿತ್ತು.

ತಲೆ ಎತ್ತಿ ದೊಡ್ಡಪ್ಪನನ್ನು ನೋಡಿದೆ. ಕಣ್ಣು ಮುಚ್ಚಿದೆ. ಮತ್ತೆ ಸ್ಕ್ರೀನು ನೋಡಿದೆ. ತೆರೆದಿದೆ. ಬಟನ್ ಒತ್ತಿ ಮುಖ ದೊಡ್ಡದು ಮಾಡಿದೆ. ಬಿಳಿ ಕಾಣುತ್ತಿತ್ತು, ನಡುವೆ ಕಪ್ಪು ಗುಡ್ಡೆ ಕಾಣುತ್ತಿತ್ತು. ಅವರು ಕ್ಯಾಮೆರಾ ನೋಡುತ್ತಿರಲಿಲ್ಲ. ಬಲಗಡೆಗೆ, ಸ್ವಲ್ಪ ಕೆಳಗೆ, ದೊಡ್ಡಮ್ಮನನ್ನು ನೋಡುತ್ತಿದ್ದರು. ಅಷ್ಟರಲ್ಲಿ ಸ್ಕ್ರೀನು ಆರಿಹೋಯಿತು. ಸೆಲ್ ಮುಗಿದಿತ್ತು.

"ಮುಚ್ಚಿವ್ನಾ ನಾನು?" ಅಂದರು ಮಾವ. ಹೂಂ ಅಂದೆ.

ಓಡಿದೆ. ಬೀದಿ ಕೊನೆಯ ಪೆಟ್ಟಿಗೆ ಅಂಗಡಿ ಮುಚ್ಚಿತ್ತು. ನಮ್ಮ ಮನೆಯಲ್ಲಿ ಸಾವಾಗಿದೆ ಅಂತ ಅಂಗಡಿಯವನು ಮರ್ಯಾದೆಗೆ ಬಾಗಿಲು ಹಾಕಿದ್ದ. ಮೇನ್ ರೋಡಿಗೆ ಹೋಗಿ ಸೆಲ್ ತರುವಷ್ಟರಲ್ಲಿ ದೊಡ್ಡಪ್ಪನನ್ನು ವಿಮಾನದಲ್ಲಿ ಕೂರಿಸಿ ಹೊತ್ತುಕೊಂಡು ಹೋಗಿದ್ದರು. ಹೂವು ಕಟ್ಟಿದ ಕುರ್ಚಿಯಂಥದ್ದು, ಅದಕ್ಕೆ ವಿಮಾನ ಅನ್ನುತ್ತೇವೆ. ನಾನು ಆಟೋ ಹತ್ತಿ ನಮ್ಮವರ ರುದ್ರಭೂಮಿಗೆ ಹೋದೆ. ಅಲ್ಲಿ ಸೆಲ್ ಹಾಕಿ ನೋಡಿದೆ. ಕಣ್ಣು ತೆರೆದೇ ಇತ್ತು.

ಒಂದೇ ಯೋಚನೆ ನನಗೆ. ಜೀವ ಇದ್ದರೆ? ಡಾಕ್ಟರಿಗೆ ಗೊತ್ತಾಗದ ಹಾಗೆ ಎಲ್ಲೋ ಒಂಚೂರು ಉಳಿದಿದ್ದರೆ? ಗುಂಡಿ ತೆಗೆದಾಗಿತ್ತು. ಉಪ್ಪಿನ ಮೂಟೆ ಬಿಚ್ಚಿದ್ದರು. ಅಪ್ಪನ ತೋಳು ಹಿಡಿದು ಪಕ್ಕಕ್ಕೆ ಎಳೆದೆ.

"ಅಪ್ಪ, ಒಸಿ ಇದ ನೋಡಿ."

"ಈಗೇನ್ಲಾ ಅದು. ಒಳಗಿಕ್ಕಿ ಬಾ, ಇಳಸ್ಬೇಕು."

"ದೊಡ್ಡಪ್ಪ ಕಣ್ ಬುಟ್ಟವ್ರೆ ಇದ್ರಲ್ಲಿ."

ಅಪ್ಪ ಹೊಡೆಯುತ್ತಾರೆ ಅಂದುಕೊಂಡೆ. ಹೊಡೆಯಲಿಲ್ಲ. ಕ್ಯಾಮೆರಾ ಇಸಿದುಕೊಂಡು, ಬಿಸಿಲು ಬೀಳದ ಹಾಗೆ ಟವೆಲು ಮರೆ ಮಾಡಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕೈಗೆ ಕೊಟ್ಟು ವಿಮಾನದ ಹತ್ತಿರ ಹೋದರು. ಅಣ್ಣನ ಮೂಗಿನ ಕೆಳಗೆ ಕೈ ಇಟ್ಟರು. ಎದೆಗೆ ಕಿವಿ ಇಟ್ಟರು. ಬೆರಳಿನಲ್ಲಿ ಒಂದು ರೆಪ್ಪೆ ಎತ್ತಿ ನೋಡಿದರು.

ಕ್ರಿಯೆ ಮಾಡಿಸುತ್ತಿದ್ದ ಅಯ್ನೋರು, "ಏನ್ ಯಜಮಾನ್ರೇ, ಹೊತ್ತಾಗ್ತದೆ" ಅಂದರು.

"ಏನಿಲ್ಲ ಬುದ್ಧಿ. ಒಸಿ ತಡೀರಿ" ಅಂದರು ಅಪ್ಪ. ಮತ್ತೆ ಮೂಗಿನ ಕೆಳಗೆ ಕೈ ಇಟ್ಟುಕೊಂಡು ನಿಂತರು. ಅಣ್ಣನನ್ನು ಬಿಡಲಾರದೆ ಹೀಗೆ ಮಾಡುತ್ತಿದ್ದಾರೆ ಅಂತ ಜನ ಅಳಲು ಶುರು ಮಾಡಿದರು.

ಅಪ್ಪ ನನ್ನ ಹತ್ತಿರ ಬಂದರು. "ತಣ್ಣಗವ್ರೆ ಕಣ್ಲಾ. ಕೈ ಕಾಲು ಸೆಟ್ಕೊಂಡವೆ."

"ಇನ್ನೊಂದ್ಸಲ ಡಾಕ್ಟ್ರಿಗೆ ತೋರ್ಸಣ."

"ಏನಂತ ಹೇಳಿ ಕರ್ಕೊಂಡೋಗ್ಲಿ? ನಿಮ್ ದೊಡ್ಡಮ್ಮನ ಕಿವಿಗೆ ಬಿದ್ರೆ ಅವಳು ಉಳೀತಾಳಾ?" ಅಪ್ಪ ಗುಂಡಿಯ ಕಡೆ ತಿರುಗಿದರು. "ಯಾರ್ಗೂ ಹೇಳ್ಬ್ಯಾಡ. ಬಾ."

ಹೋದೆ. ಇಳಿಸಿದರು. ಉಪ್ಪು ಹಾಕಿದರು, ವಿಭೂತಿ ಹಾಕಿದರು, ಪತ್ರೆ ಹಾಕಿದರು. ಎಲ್ಲರೂ ಹಾಕಿದ ಹಾಗೆ ನಾನೂ ಮೂರು ಹಿಡಿ ಮಣ್ಣು ಹಾಕಿದೆ. ಹಾಕುವಾಗ ಅವರ ಮುಖವನ್ನೇ ನೋಡುತ್ತಿದ್ದೆ. ರೆಪ್ಪೆ ಅಲ್ಲಾಡಿದರೆ ಗುಂಡಿಗೆ ಹಾರಿಬಿಡೋಣ ಅಂತ. ಅಲ್ಲಾಡಲಿಲ್ಲ. ಆಮೇಲೆ ಮುಖ ಕಾಣಲಿಲ್ಲ.

ಅದಾಗಿ ಕೆಲವು ದಿನಕ್ಕೆ ಸರಸ್ವತಿಪುರಂನಲ್ಲಿ ಸ್ಟುಡಿಯೋ ಇಟ್ಟಿದ್ದ ಶಿವು ಹತ್ತಿರ ಹೋದೆ. ಯಾವಾಗಲೂ ಅವನೇ ನನ್ನ ಫೋಟೋ ಪ್ರಿಂಟ್ ಹಾಕಿಕೊಡುತ್ತಿದ್ದವನು. ಕಾರ್ಡು ತೆಗೆದು ಕಂಪ್ಯೂಟರಿಗೆ ಹಾಕಿದ. ದೊಡ್ಡ ಸ್ಕ್ರೀನಿನಲ್ಲಿ ಎರಡನೇ ಫೋಟೋ ಬಂತು. ಮಾವನ ಕಣ್ಣು ಮುಚ್ಚಿತ್ತು. ದೊಡ್ಡಪ್ಪನ ಕಣ್ಣೂ ಮುಚ್ಚಿತ್ತು.

ಕಾರ್ಡನ್ನು ಕ್ಯಾಮೆರಾಗೆ ಹಾಕಿ ನೋಡಿದೆ. ಅದರಲ್ಲೂ ಮುಚ್ಚಿತ್ತು. ಶಿವುಗೆ ಎಲ್ಲ ಹೇಳಿದೆ.

"ರೆಪ್ಪೆ ಮ್ಯಾಲೆ ವಿಭೂತಿ ಐತಲ್ಲೋ" ಅಂದ. "ಫ್ಲ್ಯಾಶ್ ಬಿದ್ದು ಬೆಳ್ಳಗೆ ಹೊಳ್ದದೆ. ಆ ಚೋಟುದ್ದ ಸ್ಕ್ರೀನಲ್ಲಿ ಕಣ್ಣು ಬುಟ್ಟಂಗೆ ಕಂಡದೆ. ತಲೆ ಕೆಡಿಸ್ಕೋಬ್ಯಾಡ."

ಸರಿ ಅನ್ನಿಸಿತು. ನಂಬಲು ನನಗೂ ಬೇಕಾಗಿತ್ತು. ವಿಭೂತಿ ಬೆಳ್ಳಗೆ ಕಾಣುತ್ತದೆ, ಒಪ್ಪಿದೆ. ಕಪ್ಪು ಗುಡ್ಡೆ ಎಲ್ಲಿಂದ ಬಂತು ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮನೆಗೆ ಬಂದು ಅಪ್ಪನನ್ನು ಕೇಳಿದೆ. "ನೀವೂ ನೋಡುದ್ರಿ ಅಲ್ವಾ ಅವತ್ತು?"

"ಏನ್ ನೋಡ್ದೆ? ಬಿಸ್ಲು ಹೊಡೀತಿತ್ತು. ನಂಗೇನೂ ಕಾಣ್ಲಿಲ್ಲ."

"ಮತ್ಯಾಕೆ ಹೋಗಿ ಮೂಗಿನತ್ರ ಕೈ ಇಟ್ರಿ?"

ಅಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಮಂಡಿಗೆ ಹೋದರು.

ಪ್ರಿಂಟು ಬಂದ ದಿನ ಮೂರನ್ನೂ ದೊಡ್ಡಮ್ಮನ ಮುಂದೆ ಚಾಪೆಯ ಮೇಲೆ ಇಟ್ಟೆ. ಕಟ್ಟು ಹಾಕಿಸಲು ಒಂದನ್ನು ಅವರೇ ಆರಿಸಲಿ ಅಂತ. ಅವರಿಗೆ ನಾನು ಏನೂ ಹೇಳಿರಲಿಲ್ಲ. ಅಪ್ಪ ಹೇಳುವ ಪೈಕಿ ಅಲ್ಲ. ಮೂರೂ ಹೆಚ್ಚುಕಮ್ಮಿ ಒಂದೇ ಥರ ಇದ್ದವು. ದೊಡ್ಡಮ್ಮ ಒಂದೊಂದೇ ಎತ್ತಿ ನೋಡಿದರು. ಎರಡನೆಯದನ್ನು ಮಗುಚಿ ಪಕ್ಕಕ್ಕೆ ಇಟ್ಟರು.

"ಇದ ಕಟ್ಟಾಕುಸ್ಬ್ಯಾಡ ಕಣಪ್ಪ."

"ಯಾಕೆ ದೊಡ್ಡಮ್ಮ, ಮಾವ ಕಣ್ ಮುಚ್ಚವ್ರೆ ಅಂತಾನಾ?"

"ಅದ್ಕಲ್ಲ. ಇದ್ರಲ್ಲಿ ಅವ್ರು ನನ್ನೇ ನೋಡ್ತಾವ್ರೆ. ಗ್ವಾಡೆ ಮ್ಯಾಲೆ ಇಕ್ಕೊಂಡು ನಾನೆಂಗೆ ಅನ್ನ ಉಣ್ಲಿ?"

ಅಪ್ಪ ಬಾಗಿಲ ಹತ್ತಿರ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಕೈ ನಿಂತಿತು. ತಲೆ ಎತ್ತಲಿಲ್ಲ. ಆ ಫೋಟೋ ಇಲ್ಲಿ ಕೊಡು ಅಂತಲೂ ಕೇಳಲಿಲ್ಲ.

ನಾನು ತೆಗೆದು ನೋಡಿದೆ. ಕಣ್ಣು ಮುಚ್ಚಿತ್ತು. ಬೆಳಕಿಗೆ ಹಿಡಿದು ನೋಡಿದೆ. ಮುಚ್ಚಿತ್ತು.

"ನಿಂಗೆ ಕಾಣಾಕಿಲ್ವಾ?" ಅಂದರು ದೊಡ್ಡಮ್ಮ.

ಕಂಡೇ ಇಲ್ಲ ಅಂದರೆ ಸುಳ್ಳು. ಈಗ ಕಾಣುತ್ತದೆ ಅಂದರೆ ಅದೂ ಸುಳ್ಳು. ಅವರು ನನ್ನ ಬಾಯಿ ನೋಡುತ್ತಾ ಕಾಯುತ್ತಿದ್ದರು. ಅವತ್ತು ಏನು ಹೇಳಬೇಕಿತ್ತು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.