ಕಾರ್ಡಿನ ಮೇಲೆ ನಾಲ್ಕನೇ ನಂಬರ್ ಅಂತ ಬರೆಯೋಕಾಗುತ್ತಾ?

ಗೃಹಪ್ರವೇಶದ ಕಾರ್ಡುಗಳ ಮೇಲೆ ಹೆಸರು ಬರೆಯುತ್ತಾ ಕೂತಿದ್ದ ನಮ್ಮ ಯಜಮಾನರು ತಲೆ ಎತ್ತಿ ಕೇಳಿದರು, “ಕುಣಿಗಲ್ ನಿನ್ ಫ್ರೆಂಡ್ ಹೆಸ್ರೇನೆ?”

“ತಡೀರಿ” ಎಂದೆ.

ಫೋನ್ ತೆಗೆದು ನೋಡಿದರೆ ಅಲ್ಲಿ ಸೇವ್ ಆಗಿರುವುದು “ನಾಲ್ಕನೇ ನಂಬರ್”!

ನಗಬೇಡಿ. ಎಂಟು ವರ್ಷದ ಹಿಂದೆ ತುಮಕೂರಿನ ಆಸ್ಪತ್ರೆಯೊಂದರಲ್ಲಿ ನನ್ನ ಮಗಳು, ಆ ಕುಣಿಗಲ್ ಫ್ರೆಂಡಿನ ಮಗ ಇಬ್ಬರೂ ತಿಂಗಳು ತುಂಬುವ ಮೊದಲೇ ಹುಟ್ಟಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದರು. ಹೆಸರಿಡುವ ಧೈರ್ಯ ಯಾರಿಗಿತ್ತು? ಪೆಟ್ಟಿಗೆಯ ನಂಬರೇ ಮಗುವಿನ ಹೆಸರು, ತಾಯಿಯ ಹೆಸರೂ ಅದೇ.

ಸಿಸ್ಟರ್ ಬಂದು “ನಾಕ್ನೇ ನಂಬರ್” ಎಂದರೆ ಅವಳು ಏಳುತ್ತಿದ್ದಳು, “ಆರ್ನೇ ನಂಬರ್” ಎಂದರೆ ನಾನು. ಕಾರಿಡಾರಿನಲ್ಲಿ ಇಬ್ಬರಿಗೂ ಒಂದೇ ಚಾಪೆ, ಒಂದೇ ಫ್ಲಾಸ್ಕ್. ನನ್ನ ಮಗುವಿನ ತೂಕ ಒಂಚೂರು ಏರಿದರೂ ಅವಳು ಅಳುತ್ತಿದ್ದಳು... ಖುಷಿಗೆ.

ಮನೆಗೆ ಬಂದ ಮೇಲೂ ದಿನಾ ಫೋನ್. ಹಾಲು ಕುಡೀತಾ? ಜ್ವರ ಇಳೀತಾ?

ಮಕ್ಕಳು ಗಟ್ಟಿಯಾದರು. ಫೋನ್ ವಾರಕ್ಕೊಂದಾಯಿತು, ಆಮೇಲೆ ಬರ್ತ್‌ಡೇಗೊಂದು ಮೆಸೇಜ್. ವಿಚಾರಿಸಲು ಕಷ್ಟವೇ ಉಳಿದಿರಲಿಲ್ಲವಲ್ಲ!

“ಮಗನ ಹೆಸ್ರು ಗೊತ್ತಲ್ಲ, ಸಾಹಿಲ್ ಅಮ್ಮ ಅಂತ ಬರೀಲಾ?” ಎಂದರು ಇವರು. ಬೇಡ ಎಂದೆ. ಹೆಸರೂ ಗೊತ್ತಿಲ್ಲದವಳು ಫ್ರೆಂಡ್ ಹೇಗಾದಾಳು? ಅದು ಬರೀ ಆಸ್ಪತ್ರೆಯ ಪರಿಚಯವಾಗಿತ್ತಾ?

ಭಾನುವಾರ ಮಗಳನ್ನು ಕರೆದುಕೊಂಡು ನಮ್ಮೂರು ಗುಬ್ಬಿಯಿಂದ ಹೊರಟೆ, ತುಮಕೂರಲ್ಲಿ ಬಸ್ ಬದಲಿಸಿ ಕುಣಿಗಲ್ ಸೇರಿದೆ. ಹೆಸರು ಕೇಳದೆಯೇ ತಿಳಿದುಕೊಳ್ಳಲು ದಾರಿಯುದ್ದಕ್ಕೂ ಉಪಾಯ ಹುಡುಕಿದ್ದೇ ಹುಡುಕಿದ್ದು, ಒಂದೂ ಹೊಳೆಯಲಿಲ್ಲ.

ಸಾಹಿಲ್ ಮನೆ ಎಂದು ಕೇಳಿಕೊಂಡು ಹೋಗಿ, ಬಾಗಿಲು ತೆರೆದವಳ ಕೈಗೆ ಕಾರ್ಡೂ ಪೆನ್ನೂ ಒಟ್ಟಿಗೇ ಕೊಟ್ಟುಬಿಟ್ಟೆ. “ಬೈಬೇಡ ಕಣೇ. ನಿನ್ ಹೆಸ್ರು ನೀನೇ ಬರ್ಕೊಂಬುಡು.”

ಅವಳು ನನ್ನನ್ನೇ ನೋಡಿದಳು. ಆಮೇಲೆ ಹೊಸ್ತಿಲ ಮೇಲೆ ಕುಸಿದು ಕೂತು ನಗತೊಡಗಿದಳು. ನಗುತ್ತಲೇ ಒಳಗಿದ್ದ ಅತ್ತೆಗೆ ಉರ್ದುವಿನಲ್ಲಿ ಏನೋ ಕೂಗಿ ಹೇಳಿದಳು.

ಅತ್ತೆ ತಲೆಗೆ ಸೆರಗು ಎಳೆದುಕೊಳ್ಳುತ್ತಾ ಓಡಿಬಂದರು. “ಓಹೋ, ಆರ್ನೇ ನಂಬರ್ ನೀವೇನಾ!”

ಅಂದರೆ ನನ್ನ ಗತಿಯೂ ಅಷ್ಟೇ...

ನಸೀಮಾ ಬಾನು ಎಂದು ದುಂಡಗೆ ಬರೆದುಕೊಂಡು, ಕಾರ್ಡ್ ಬಿಚ್ಚಿ ನನ್ನ ಹೆಸರು ಓದಿದಳು. “ಶಾರದಾನಾ? ನಿನ್ ಬಾಯ್ಗೂ ಈ ಹೆಸ್ರಿಗೂ ಹೊಂದಲ್ಲ ಬುಡೇ!”

ಅವತ್ತು ಮೊದಲ ಸಲ ನಾವು ತೂಕ, ಜ್ವರ ಬಿಟ್ಟು ಬೇರೆ ಮಾತಾಡಿದೆವು. ಅವಳು ಸೀರೆಗೆ ಕುಚ್ಚು ಕಟ್ಟುತ್ತಾಳಂತೆ. ಟೀ ಕಂಡರೆ ಆಗದಂತೆ! ವಾರ್ಡಿನಲ್ಲಿ ನನ್ನ ಫ್ಲಾಸ್ಕಿನ ಟೀ ಕುಡಿದದ್ದು ನನಗೆ ಬೇಜಾರಾಗಬಾರದು ಅಂತ.

ಹೊರಗೆ ಸಾಹಿಲ್ ಮತ್ತು ನನ್ನ ಮಗಳು ಸೈಕಲ್ಲಿಗಾಗಿ ಜುಟ್ಟು ಹಿಡಿದು ಜಗಳವಾಡುತ್ತಿದ್ದರು. ಬಿಡಿಸಲು ಎದ್ದವರು ಹಾಗೇ ನಿಂತುಬಿಟ್ಟೆವು. ಆ ಪೆಟ್ಟಿಗೆಯಲ್ಲಿ ಅಳುವುದಕ್ಕೂ ತ್ರಾಣವಿಲ್ಲದೆ ಮಲಗಿದ್ದ ಮಕ್ಕಳು... ಎಷ್ಟು ಚೆನ್ನಾಗಿ ಕಿರುಚುತ್ತಿದ್ದಾರೆ!

ನಿನ್ನೆ ಗೃಹಪ್ರವೇಶಕ್ಕೆ ಬಂದಿದ್ದಳು. “ಇವ್ಳು ನಸೀಮಾ, ನನ್ ಫ್ರೆಂಡು” ಅಂತ ನೆಂಟರಿಗೆಲ್ಲ ಜಂಬದಿಂದ ಪರಿಚಯ ಮಾಡಿಸಿದೆ.

ಊಟದ ಪಂಕ್ತಿಯಿಂದ ಅವಳ ಗಂಟಲು ಕೇಳಿಸಿತು, “ಏಯ್ ಆರ್ನೇ ನಂಬರ್, ಇಲ್ಲಿ ಹೋಳಿಗೆ ಬಂದಿಲ್ಲ!”

ಇಡೀ ಚಪ್ಪರ ನನ್ನತ್ತ ತಿರುಗಿತು. ನಾನಾಗಲೇ ಹೋಳಿಗೆ ತಟ್ಟೆ ಹಿಡಿದು ಓಡುತ್ತಿದ್ದೆ.

ನಿಮ್ಮ ಫೋನಿನಲ್ಲೂ ಇಂಥ ಹೆಸರಿಲ್ಲದ ಫ್ರೆಂಡ್ ಯಾರಾದರೂ ಇದ್ದಾರಾ?