ಐದು ಬಟ್ಟಲಿನ ಆಲೂಗಡ್ಡೆ

ಸಸ್ಯಶಾಸ್ತ್ರದ ಮೇಡಂ ಕಾಲೇಜು ಸೇರಿದಾಗಿನಿಂದ ತಾತ್ಕಾಲಿಕ. ಅವರಷ್ಟು ಶಾಶ್ವತವಾಗಿ ತಾತ್ಕಾಲಿಕವಾಗಿದ್ದವರು ಅಲ್ಲಿ ಇನ್ನೊಬ್ಬರಿರಲಿಲ್ಲ. ಕೊನೆಗೂ ಖಾಯಂ ಆಗುವ ಅವಕಾಶ ಬಂದಿತ್ತು: ಆಯ್ಕೆ ಸಮಿತಿಯವರು ಅವರ ಒಂದು ಪ್ರಯೋಗದ ತರಗತಿ ನೋಡಿ ತೀರ್ಮಾನಿಸುವರಂತೆ.

ಪಾಠ, ಜಲವಿಭವ. ಸಸ್ಯದ ಜೀವಕೋಶಗಳ ನಡುವೆ ನೀರು, ವಿಭವ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಸರಿಯುತ್ತದೆ. ಉಪ್ಪು ಬೆರೆತಷ್ಟೂ ವಿಭವ ಇಳಿಯುತ್ತದೆ. ಮನೆಗೆಲಸಕ್ಕೆ ಮಾತ್ರ ಈ ನಿಯಮವನ್ನು ಯಾರೂ ತಿಳಿಸಿಲ್ಲ. ಅದು ಈಗಾಗಲೇ ತುಂಬಿ ತುಳುಕುತ್ತಿರುವವಳ ಕಡೆಗೇ ಹರಿಯುತ್ತದೆ.

ಪ್ರಯೋಗಾಲಯದ ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ. ಜಲವಿಭವ ಕಲಿಸುವ ಕಾಲೇಜಿಗೆ ಅದೇನು ದೊಡ್ಡ ಕೊರತೆ! ತರಗತಿಯ ದಿನ ಮೇಡಂ ಮನೆಯಲ್ಲಿ ನಸುಕಿನಲ್ಲೇ ಎದ್ದು, ಆಲೂಗಡ್ಡೆಯನ್ನು ಬೆರಳುದ್ದ ಹೋಳು ಮಾಡಿ ಐದು ಬಟ್ಟಲುಗಳಲ್ಲಿ ನೆನೆಹಾಕಿದರು. ಮೊದಲನೆಯದರಲ್ಲಿ ಬರೀ ನೀರು, ಮುಂದಿನವುಗಳಲ್ಲಿ ಉಪ್ಪು ಏರುತ್ತ ಹೋಗಿತ್ತು. ತಿಂಡಿ, ಕಸ, ಬಟ್ಟೆ ಎಲ್ಲ ಮುಗಿಸಿ, ಸ್ನಾನ ಮಾಡಿ ಬರುವಷ್ಟರಲ್ಲಿ ಅಡುಗೆಕಟ್ಟೆ ಫಳಫಳ ಹೊಳೆಯುತ್ತಿತ್ತು. ಗಂಡ, ಮದುವೆಯಾದ ಮೇಲೆ ಮೊದಲ ಸಲ, ಬಟ್ಟಲು ತೊಳೆದಿದ್ದ. ಹೋಳುಗಳೆಲ್ಲ ಒಂದೇ ಡಬ್ಬಿಯಲ್ಲಿದ್ದವು.

"ಇಷ್ಟು ಆಲೂಗಡ್ಡೆಗೆ ಐದು ಬಟ್ಟಲು ಯಾಕೆ ಕಣೇ? ನೀರು ಬಸಿದು ಎಲ್ಲಾ ಒಂದರಲ್ಲೇ ಹಾಕಿದೀನಿ."

"ರೀ, ಇಷ್ಟು ವರ್ಷ ಕೈ ಕಟ್ಕೊಂಡು ಕೂತಿದ್ರಲ್ಲ, ಇನ್ನೊಂದು ದಿನ ಕೂತಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಹೆಲ್ಪ್ ಮಾಡಿದ್ರೂ ತಪ್ಪು, ಮಾಡದಿದ್ರೂ ತಪ್ಪು!"

ಮತ್ತೆ ನೆನೆಹಾಕಲು ಹೊತ್ತಿರಲಿಲ್ಲ. ಮೇಡಂ ಡಬ್ಬಿ ಹಿಡಿದು ಕಾಲೇಜಿಗೆ ನಡೆದರು.

"ಬಟ್ಟಲುಗಳೆಲ್ಲಿ ಮೇಡಂ?" ಸಮಿತಿಯ ಅಧ್ಯಕ್ಷರು ಕೇಳಿದರು.

"ಯಾವ ಹೋಳು ಯಾವ ನೀರಲ್ಲಿತ್ತು ಅಂತ ಹುಡುಗಿಯರೇ ಹೇಳ್ತಾರೆ ಸರ್," ಎಂದರು ಮೇಡಂ.

ಹುಡುಗಿಯರು ಒಂದೊಂದನ್ನೇ ಬಾಗಿಸಿದರು. ಒಂದು ಲಟಕ್ಕನೆ ಮುರಿಯಿತು. ಬರೀ ನೀರಿನದು, ಕೋಶಗಳೊಳಗೆ ನೀರು ನುಗ್ಗಿ ಸೆಟೆದಿತ್ತು. ಇನ್ನೊಂದು ರಬ್ಬರಿನಂತೆ ಬಳುಕಿತು. ಉಪ್ಪುನೀರು ಅದರ ನೀರನ್ನೆಲ್ಲ ಹೀರಿತ್ತು. ನಡುವಿನವುಗಳ ಬಗ್ಗೆ ಬೆಂಚಿಗೆ ಬೆಂಚೇ ಜಗಳಕ್ಕೆ ಬಿತ್ತು.

"ಇದು ಸೆಟೆದೂ ಇಲ್ಲ, ಬಾಡಿಯೂ ಇಲ್ಲ ಮೇಡಂ!"

"ಹಾಗಾದ್ರೆ ಒಳಗೂ ಹೊರಗೂ ವಿಭವ ಹೆಚ್ಚುಕಡಿಮೆ ಸಮ. ನೀರು ಒಳಗೆ ಹೋದಷ್ಟೇ ಹೊರಗೂ ಬರುತ್ತೆ."

ಅಧ್ಯಕ್ಷರು ಅಂಕ ಹಾಕುವುದನ್ನು ಮರೆತು ತಾವೂ ಎರಡು ಹೋಳು ಬಾಗಿಸಿ ನೋಡಿದರು.

ಸಂಜೆ ಪ್ರಾಂಶುಪಾಲರ ಫೋನು ಬಂತು: ಖಾಯಂ. ಗಂಡ ಕೂಡಲೇ ತನ್ನ ತಾಯಿಗೆ ಫೋನು ಹಚ್ಚಿದ.

"ಅಮ್ಮಾ, ನಾನು ಅಡುಗೆಮನೆಗೆ ಕಾಲಿಟ್ಟು ಬಟ್ಟಲು ತೊಳೆದೆ ನೋಡು, ಇವಳ ಕೆಲಸ ಗಟ್ಟಿಯಾಯ್ತು."

"ಅಯ್ಯೋ ಕಂದ, ಬಟ್ಟಲೆಲ್ಲ ನೀನೇ ತೊಳೆದ್ಯಾ? ಸೊಂಟ ಹಿಡ್ಕೊಂಡಿರುತ್ತೆ, ಹೋಗು, ಸ್ವಲ್ಪ ಮಲ್ಕೋ."

ತಾಯಿಯ ಮಾತು ಮೀರುವ ಮಗನಲ್ಲ ಅವನು, ಮಲಗಿದ. ಖಾಯಂ ಮೇಡಂ ಚಪ್ಪಲಿ ಮೆಟ್ಟಿಕೊಂಡು, ಕಾಲೇಜಿನ ಗೆಳತಿಯರೊಂದಿಗೆ ಹೋಟೆಲ್ ಊಟಕ್ಕೆ ಹೊರಟರು.